ಯೋಬನ ಮೂರನೆಯ ಮಗಳ ಹೆಸರು

ನನ್ನ ಗೆಳತಿ ಕೆರೆನ್‌ಹಪ್ಪೂಕಳ ಹೆಸರನ್ನು ನಮ್ಮ ಶಾಲೆ ಎರಡು ಬಾರಿ ಅಳಿಸಿತು. ಮೊದಲನೆಯದು ನಾವು ಐದನೆಯ ತರಗತಿಯಲ್ಲಿದ್ದಾಗ; ಎರಡನೆಯದು ಕಳೆದ ತಿಂಗಳು, ಅವಳು ತೀರಿಕೊಂಡು ವರ್ಷ ತುಂಬುವ ಮೊದಲೇ. ಎರಡನ್ನೂ ನಾನು ಮರೆತಿಲ್ಲ.

ಆ ಕಾಲದ ನಮ್ಮ ಕಾಪುವಿನಲ್ಲಿ ಜಡಿಮಳೆಯ ಆಟಿ ತಿಂಗಳು ಬಂತೆಂದರೆ ದೋಣಿಗಳು ದಡದಲ್ಲಿ ತೆಂಗಿನ ಮಡಲಿನ ಹೊದಿಕೆಯಡಿ ಮಲಗುತ್ತಿದ್ದವು. ಹಸಿ ಮೀನಿಲ್ಲ. ಮನೆ ತುಂಬ ಒಣ ಸಿಗಡಿ ಹುರಿದ ವಾಸನೆ, ಕೆಸುವಿನೆಲೆಯ ಪತ್ರೊಡೆ ಬೇಯುವ ಹಬೆ, ಚೆನ್ನೆಮಣೆಯ ಗುಳಿಗಳಲ್ಲಿ ಕಾಯಿ ಬೀಳುವ ಸದ್ದು. ಅಂಥದೊಂದು ಆಟಿಯಲ್ಲಿ, ಕಾರ್ಕಳದಿಂದ ನಮ್ಮೂರ ಚರ್ಚಿಗೆ ವರ್ಗವಾಗಿ ಬಂದ ಉಪದೇಶಿಯವರ ಕೊನೆಯ ಮಗಳು ನನ್ನ ಪಕ್ಕದಲ್ಲಿ ಬಂದು ಕುಳಿತಳು.

ಮಾಸ್ತರರು ಹಾಜರಿ ಕರೆದರು. "ಮೇರಿ."

ಯಾರೂ ಏಳಲಿಲ್ಲ.

"ಏ, ನಿನ್ನನ್ನೇ ಕರೆದದ್ದು. ಕಿವಿ ಉಂಟಾ ಇಲ್ವಾ?"

"ಉಂಟು ಸರ್. ಮೇರಿ ಯಾರು ಸರ್?"

"ಅಷ್ಟುದ್ದದ ಹೆಸರು ಯಾರಿಗೆ ಬೇಕು ಮಾರಾಯ್ತಿ! ನಿಮ್ಮವರಲ್ಲಿ ಮೇರಿ ಒಳ್ಳೆಯ ಹೆಸರೇ ಅಲ್ವಾ?"

"ಒಳ್ಳೆಯದೇ ಸರ್. ನನ್ನದಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಅದನ್ನೂ ಮರೆತಿಲ್ಲ.

ಅಂದಿನಿಂದ ಮುಂದಿನ ಬೆಂಚಿನಲ್ಲೇ ಕುಳಿತಿರುತ್ತಿದ್ದ ಅವಳಿಗೆ ದಿನವೂ ಗೈರುಹಾಜರಿ ಬಿತ್ತು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮಾಸ್ತರರು ಹೆದರಿಸಿದರು. ಅವಳು ಮಾತ್ರ "ಮೇರಿ" ಎಂದಾಗ ನೆಟ್ಟಗೆ ಕುಳಿತು ಕಿಟಕಿಯತ್ತ ನೋಡುತ್ತಿದ್ದಳು.

ಮೀನು ಮಾರುತ್ತಿದ್ದ ನನ್ನ ಅಜ್ಜಿ ಅವಳನ್ನು ಜಗಲಿಯಲ್ಲಿ ಕೂರಿಸಿ ಪತ್ರೊಡೆ ಕೊಟ್ಟು ಕೇಳಿದರು: "ನಿನ್ನ ಹೆಸರಿಗೆ ಅರ್ಥ ಎಂತ ಮಗಾ?"

"ಕಾಡಿಗೆ ತುಂಬಿದ ಕೊಂಬು ಅಂತ ಅಜ್ಜಿ. ಬೈಬಲಿನಲ್ಲಿ ಯೋಬ ಎಲ್ಲವನ್ನೂ ಕಳೆದುಕೊಂಡ ಮೇಲೆ ಹುಟ್ಟಿದ ಮೂರನೇ ಮಗಳು. ಅವನು ಹೆಣ್ಣುಮಕ್ಕಳಿಗೂ ಅಣ್ಣತಮ್ಮಂದಿರ ಜೊತೆ ಆಸ್ತಿ ಕೊಟ್ಟ."

"ಅದರಲ್ಲಿ ಎಂತ ವಿಶೇಷ?" ಎಂದರು ಅಳಿಯಕಟ್ಟಿನಲ್ಲಿ ಬೆಳೆದ ಅಜ್ಜಿ. "ನಮ್ಮಲ್ಲಿ ಮನೆಯೇ ಹೆಣ್ಣುಮಕ್ಕಳದ್ದು. ಆದರೆ ಕಾಡಿಗೆಯ ಹೆಸರು ಚಂದ ಉಂಟು." ತೆಂಗಿನ ಗೆರಟೆಯಿಂದ ಬೆರಳ ತುದಿಗೆ ಕಾಡಿಗೆ ತೆಗೆದು ಅವಳ ಕಣ್ಣಿಗೆ ಹಚ್ಚಿದರು.

ಮರುದಿನ ಬೆಳಗ್ಗೆ ಬುಟ್ಟಿ ಹೊತ್ತ ಅಜ್ಜಿಯೊಂದಿಗೆ ನಾನೂ ಮಾಸ್ತರರ ಬಾಗಿಲಿಗೆ ಹೋದೆ. ಆಟಿಯಲ್ಲಿ ಒಣ ಸಿಗಡಿಯಿಲ್ಲದೆ ಅವರಿಗೆ ಗಂಜಿ ಇಳಿಯುತ್ತಿರಲಿಲ್ಲ.

"ಆ ಹುಡುಗಿಯ ಹೆಸರು ಹೇಳಿ ಮಾಸ್ಟ್ರೇ, ಸಿಗಡಿ ತೆಗೆದುಕೊಳ್ಳಿ."

"ಎಂತ ತಮಾಷೆ ಇದು?"

"ನಿಮಗೆ ಮೇರಿ ಸಾಕಾದರೆ ಸಿಗಡಿ ಯಾಕೆ? ಉಪ್ಪು ಸಾಕು."

ನಾಲ್ಕನೆಯ ದಿನ, ಹೆಂಡತಿ ಒಳಗಿನಿಂದ "ಹೇಳಿಬಿಡಿ ಮಾರಾಯ್ರೇ" ಎಂದು ಗದರಿದ ಮೇಲೆ, ಮಾಸ್ತರರು ಮೆಟ್ಟಿಲ ಮೇಲೆ ನಿಂತು ಆ ಹೆಸರನ್ನು ಪೂರ್ತಿಯಾಗಿ ಹೇಳಿದರು. ಅಂದೇ ಹಾಜರಿ ಪುಸ್ತಕದಲ್ಲಿ "ಮೇರಿ"ಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಸರಿಯಾದ ಹೆಸರು ಬರೆದು, ಸಹಿ ಹಾಕಿದರು; ಗೈರುಹಾಜರಿಗಳನ್ನೂ ತಿದ್ದಿದರು. ತಪ್ಪಿಗೆ ಸಹಿ ಹಾಕುವ ಆ ದೊಡ್ಡತನಕ್ಕಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ.

ಮುಂದೆ ನಾನು ಇಂಗ್ಲಿಷ್ ಅಧ್ಯಾಪಕಿಯಾದೆ. ಮಣಿಪಾಲದ ಗ್ರಂಥಾಲಯವೊಂದರಲ್ಲಿ ಹೆಸರುಗಳ ಕೋಶ ತೆರೆದು ನೋಡಿದೆ. ಯೋಬನ ಹಿರಿಯ ಮಗಳ ಹೆಸರು ಜೆಮೀಮಾ ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ; ಎರಡನೆಯವಳ ಕೆಜೀಯಾ ಅಲ್ಲಲ್ಲಿ ಸಿಗುತ್ತದೆ. ಮೂರನೆಯದನ್ನು ಇಡುವ ಧೈರ್ಯ ಬೈಬಲನ್ನು ನಿತ್ಯ ಓದುತ್ತಿದ್ದ ಹಳೆಯ ಕೆಲವು ಮನೆಗಳಿಗಷ್ಟೇ ಇತ್ತು. ಅಲ್ಲಿಯೂ ಅದನ್ನು ಕೆರೆನ್ ಎಂದು ಮೋಟು ಮಾಡಿದವರುಂಟು. ನನ್ನ ಗೆಳತಿ ಮಾತ್ರ ಕಾರ್ಕಳದಲ್ಲಿ ನರ್ಸ್ ಆಗಿದ್ದಷ್ಟು ವರ್ಷವೂ ಒಂದಕ್ಷರ ಬಿಟ್ಟುಕೊಡಲಿಲ್ಲ. ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬಂದ ಮುದುಕಿಯರೂ ಆ ಹೆಸರನ್ನು ಪೂರ್ತಿಯಾಗಿ ಹೇಳಿ ಅವಳನ್ನು ಹುಡುಕುತ್ತಿದ್ದರು.

ಕಳೆದ ತಿಂಗಳು ಶಾಲೆಯ ಅಂಗಳದಲ್ಲಿ ಹಿರಿಯ ವಿದ್ಯಾರ್ಥಿಗಳ ಹೆಸರಿನ ಕಲ್ಲು ನಿಲ್ಲಿಸಿದರು. ಅವಳ ಜಾಗದಲ್ಲಿ "ಮೇರಿ" ಎಂದಿದೆ. ಕೇಳಿದ್ದಕ್ಕೆ ಸಮಿತಿಯವರು ಫೋನಿನಲ್ಲಿ ಹೇಳಿದರು: "ಹಳೆಯ ಪುಸ್ತಕದಲ್ಲಿ ಎರಡೂ ಇತ್ತು ಟೀಚರೇ. ಕಲ್ಲಿನಲ್ಲಿ ಜಾಗ ಇರಲಿಲ್ಲ, ಸಣ್ಣದನ್ನು ಹಾಕಿದೆವು."

ಅದೇ ಕಲ್ಲಿನಲ್ಲಿ ಸಮಿತಿಯ ಅಧ್ಯಕ್ಷರ ಹೆಸರು ಬಿರುದುಗಳ ಸಮೇತ ಎರಡು ಸಾಲು ಹಿಡಿದಿದೆ. ನಾನು ಅಳೆದು ನೋಡಿದ್ದೇನೆ. ನಮ್ಮಜ್ಜಿ ಇಲ್ಲ, ಸಹಿ ಹಾಕಿದ ಮಾಸ್ತರರಿಲ್ಲ, ಈಗ ಅವಳೂ ಇಲ್ಲ. ಸಮಿತಿಯ ಮಹನೀಯರೇ, ಆ ಹೆಸರನ್ನು ನಿಮ್ಮ ಬಾಯಿಂದ ಹೇಳಿಸಲು ಇನ್ನು ಯಾರು ಬುಟ್ಟಿ ಹೊತ್ತು ನಿಮ್ಮ ಬಾಗಿಲಿಗೆ ಬರಬೇಕು?