ನೀರಗಂಟಿ ತಾತನ ಬಲಗೈ

ನಿನ್ನೆ ಎರಡು ಸೀಮೆಹಸುಗಳ ಹಾಲು ಕರೆದು ಡೇರಿಗೆ ಹಾಕಿದೆ. ಕೊಟ್ಟಿಗೆ ತೊಳೆದೆ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದೆ. ಟೊಮೆಟೊ ತೋಟಕ್ಕೆ ಹೊರಟವರಿಗೆ ಬುತ್ತಿ ಕಟ್ಟಿ ಕಳಿಸಿದೆ. ಆಮೇಲೆ ನೀರಗಂಟಿ ತಾತನ ಮನೆಗೆ ಹೋಗಿ ಹೆಣದ ಪಕ್ಕ ಕುಳಿತೆ. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ ಹೆಬ್ಬೆರಳುಗಳಿಗೆ ದಾರ ಕಟ್ಟಿದ್ದರು. ಬಲಗೈಯ ನಡುಬೆರಳು, ಉಂಗುರದ ಬೆರಳು ಮಾತ್ರ ಕೊಕ್ಕೆಯ ಹಾಗೆ ಮಡಚಿಕೊಂಡೇ ಇದ್ದವು. ತಾತನ ಮಗಳು ನೀವಿ ನೀವಿ ನೇರ ಮಾಡಲು ನೋಡಿದಳು. ಆಗಲಿಲ್ಲ.

ಕುಡಿದ ಅಮಲಿನಲ್ಲಿ ನಾಯಿ ಕೆಣಕಿ ಕಚ್ಚಿಸಿಕೊಂಡರು ಎಂದು ಆ ಬೆರಳುಗಳ ಬಗ್ಗೆ ಊರಲ್ಲಿ ಹೇಳುತ್ತಾರೆ. ಸುಳ್ಳು. ಅದು ಹುಟ್ಟಿದ್ದು ನಮ್ಮ ಮನೆಯಲ್ಲಿ, ನನ್ನ ಮೈದುನನ ಬಾಯಲ್ಲಿ. ಏಳು ವರ್ಷ ಅದನ್ನು ಕೇಳಿಕೊಂಡು ಸುಮ್ಮನಿದ್ದವಳು ನಾನು.

ದೇವರಾಯಸಮುದ್ರದ ಕಡೆಯ ನಮ್ಮೂರಿನಲ್ಲಿ ಕೆರೆಯ ತೂಬು ಎತ್ತಿ, ಮುಚ್ಚಿ, ಗದ್ದೆಗದ್ದೆಗೆ ಸರದಿಯ ನೀರು ಹಾಯಿಸುವ ಕೆಲಸ ತಾತನದು. ಅವರಪ್ಪನದೂ ಅದೇ. ಏರಿಯ ಮೇಲೆ ಎಂದೂ ಚಪ್ಪಲಿ ಮೆಟ್ಟಿದವರಲ್ಲ. ನೀರಿನಲ್ಲಿ ನೆಂದು ನೆಂದು ಅವರ ಕಾಲ್ಬೆರಳುಗಳ ಸಂದು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬಲು ಸಿಟ್ಟಿನ ಮನುಷ್ಯ. ಸರದಿ ತಪ್ಪಿಸಿ ಕಾಲುವೆ ಒಡೆದವನು ಎಷ್ಟೇ ದೊಡ್ಡವನಾಗಲಿ, ಅವನ ಬದುವಿನ ಮೇಲೇ ನಿಂತು ಬೈಯುತ್ತಿದ್ದರು. ಕೋಪ ಏರಿದಂತೆ ಮಾತು ತೆಲುಗಿಗೆ ಹೊರಳುತ್ತಿತ್ತು, "ಸಿಗ್ಗು ಲೇದಾ ನೀಕು?" ಎಂದರೆ ನಾಚಿಕೆಗೆಟ್ಟವನು ಯಾರೆಂದು ಇಡೀ ಬಯಲಿಗೆ ತಿಳಿಯುತ್ತಿತ್ತು. "ನೀರು ಯಾರ ಮುಖಾನೂ ನೋಡಲ್ಲ, ನಾನ್ಯಾಕ್ ನೋಡ್ಲಿ?" ಎನ್ನುತ್ತಿದ್ದರು.

ಬೆಳಗ್ಗೆ ಏರಿ ಸುತ್ತಿ ಬಂದು ನಮ್ಮ ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಅವರಿಗೆಂದು ಅತ್ತೆ ಒಂದು ಬೇರೆ ಲೋಟ ಇಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ನಾನು ನಮ್ಮ ಲೋಟದಲ್ಲೇ ಕಾಫಿ ಕೊಟ್ಟೆ. ಅವರು ಲೋಟವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಕುಡಿದರು. ಅಂದಿನಿಂದ ನನ್ನ ಹತ್ತಿರ ಮಾತು ಹೆಚ್ಚಾಯಿತು.

ಅವರಪ್ಪನ ಕಥೆಯನ್ನು ಹೇಳಿದ್ದು ಆ ಜಗಲಿಯಲ್ಲೇ. ಚಿನ್ನದ ಗಣಿಯ ದೊರೆಗಳು ಭಾನುವಾರ ಮೋಟಾರಿನಲ್ಲಿ ನಮ್ಮ ಕೆರೆಗೆ ನೀರುನಾಯಿ ಬೇಟೆಗೆ ಬರುತ್ತಿದ್ದರಂತೆ. ಅವರ ದೊಡ್ಡ ಬೇಟೆನಾಯಿಗಳು ದಡದಗುಂಟ ವಾಸನೆ ಹಿಡಿಯುತ್ತಿದ್ದವು. ಬಿಲ ಸಿಕ್ಕಿದ ಮೇಲೆ ಒರಟು ಕೂದಲಿನ, ಗಿಡ್ಡ ಕಾಲಿನ ಟೆರಿಯರ್ ನಾಯಿಗಳನ್ನು ಒಳಗೆ ಬಿಡುವುದು. ಒಳಗೆ ಬೊಗಳಿದ ಕಡೆಗೆ ಮೇಲಿನಿಂದ ಹಾರೆ ಹಾಕಿ ಅಗೆಯುವುದು ಅವರಪ್ಪನ ಕೆಲಸ. ನೀರುನಾಯಿ ಹೊರಬಿದ್ದರೆ ದೊಣ್ಣೆ. ತಿನ್ನುವುದಕ್ಕಲ್ಲ, ಮಾರುವುದಕ್ಕಲ್ಲ, ಭಾನುವಾರ ಕಳೆಯಬೇಕಲ್ಲ, ಅದಕ್ಕೆ. ಒಂದು ಸಲ ಬಿಲದಲ್ಲಿ ಸಿಕ್ಕಿಕೊಂಡ ನಾಯಿಯನ್ನು ಎಳೆಯಲು ಹೋಗಿ ಅವರಪ್ಪನ ಮುಂಗೈ ಸೀಳಿತು. ದೊರೆ ತನ್ನ ಕೋಟು ಬಿಚ್ಚಿ ನಾಯಿಗೆ ಹೊದಿಸಿ ಮೋಟಾರಿನಲ್ಲಿ ಮಲಗಿಸಿದ. "ನಾಯಿಗೆ ಡಾಕ್ಟ್ರು, ನಮ್ಮಪ್ಪಂಗೆ ಸುಣ್ಣ ಅರಿಶಿನ," ಎಂದು ಹೇಳುವಾಗ ತಾತನ ದವಡೆ ಅದುರುತ್ತಿತ್ತು.

ಅವರಪ್ಪ ಇನ್ನೊಂದು ಮಾಡುತ್ತಿದ್ದನಂತೆ. ನಾಯಿ ಬಿಡುವ ಮೊದಲು ಬಿಲದ ಕಲ್ಲಿಗೆ ಕಿವಿ ಹಚ್ಚುವುದು. ಒಳಗೆ ಮರಿಗಳು ಸಿಳ್ಳು ಹಾಕಿದ ಹಾಗೆ ಕೂಗಿದರೆ ಎದ್ದು ನಿಂತು "ಖಾಲಿ ದೊರೆ" ಎನ್ನುವುದು. ದೊರೆಗಳು ನಂಬಿ ಮುಂದಕ್ಕೆ ಹೋಗುತ್ತಿದ್ದರು. ಕಿವಿ ಹಚ್ಚುವುದನ್ನು ಮಗನಿಗೂ ಕಲಿಸಿದ್ದ.

ಏಳು ವರ್ಷದ ಕೆಳಗೆ ನನ್ನ ಮೈದುನ ಕೆರೆಯ ಮೀನಿನ ಟೆಂಡರು ಹಿಡಿದ. ನೀರುನಾಯಿಗಳು ಮೀನು ತಿಂದು ತಲೆಗಳನ್ನು ಬಂಡೆಯ ಮೇಲೆ ಬಿಟ್ಟುಹೋಗುತ್ತಿದ್ದವು. ದೊರೆಗಳ ಬೇಟೆಯ ಸುದ್ದಿ ಅವನೂ ಕೇಳಿದ್ದ. ಗಣಿಯ ಕಡೆಯಿಂದ ಅಂಥವೇ ಎರಡು ಗಿಡ್ಡ ನಾಯಿಗಳನ್ನು ತಂದ. ಇನ್ನು ಬಿಲ ಗೊತ್ತಾಗಬೇಕಿತ್ತು. ತಾತನನ್ನು ಕೇಳಿದರೆ "ಖಾಲಿ ಕಣಪ್ಪ, ಇಲ್ಲೇನೈತೆ?" ಎಂದುಬಿಟ್ಟರು.

ಆದರೆ ನನ್ನ ಹತ್ತಿರ ಹೇಳಿದ್ದರು. ಬಳಕೆ ತಪ್ಪಿದ ಹಳೇ ತೂಬಿನ ಸುರಂಗದಲ್ಲಿ ತಾಯಿ ನೀರುನಾಯಿಯೊಂದು ಎರಡು ಮರಿ ಹಾಕಿದೆ ಎಂದು. ಹೇಳಿ, ಮುಂದಿನ ಹಲ್ಲಿನ ಸಂದಿಯಿಂದ ಮರಿಗಳ ಹಾಗೆ ಸಣ್ಣಗೆ ಸಿಳ್ಳು ಹಾಕಿ ತೋರಿಸಿದ್ದರು. ಆ ಮುಖ ಅಷ್ಟು ಮೆತ್ತಗಾಗಿದ್ದನ್ನು ನಾನು ಕಂಡಿರಲಿಲ್ಲ. ಅದೇ ಖುಷಿಯಲ್ಲಿ ರಾತ್ರಿ ಬಡಿಸುತ್ತಾ, ಹಳೇ ತೂಬಿನಲ್ಲಿ ಮರಿ ಇವೆಯಂತೆ ಎಂದೆ. ಯಾಕೆ ಎಂದರೆ ಯಾಕೂ ಇಲ್ಲ, ಊಟದ ಹೊತ್ತಿನ ಮಾತು. ಮುದ್ದೆ ಮುರಿಯುತ್ತಿದ್ದ ಮೈದುನನ ಕೈ ನಿಂತಿತು. ಅದನ್ನು ಕಂಡೆ. ಕಂಡೂ ಸಾರು ಬಡಿಸಿದೆ.

ಮರುದಿನ ಡೇರಿಯಿಂದ ಬರುವಾಗ ಏರಿಯ ಕಡೆ ಗದ್ದಲ. ಓಡಿದೆ. ಸುರಂಗದ ಕಾಲುವೆ ಬಾಯಿಗೆ ಬಲೆ ಕಟ್ಟಿ, ಕೆರೆಯ ಕಡೆಯಿಂದ ನಾಯಿಗಳನ್ನು ಬಿಟ್ಟಿದ್ದರು. ನಾನು ಹೋಗುವ ಹೊತ್ತಿಗೆ ತಾಯಿ ಬಲೆಗೆ ಬಿದ್ದು ದೊಣ್ಣೆ ಏಟಿಗೆ ಸತ್ತಿತ್ತು. ಒಂದು ನಾಯಿ ಮೂತಿ ಹರಿದುಕೊಂಡು ಹೊರಬಂದಿತ್ತು, ಇನ್ನೊಂದು ಒಳಗೆ ಸಿಕ್ಕಿ ಅರಚುತ್ತಿತ್ತು. ಮೈದುನ "ನನ್ನ ನಾಯಿ, ನನ್ನ ನಾಯಿ" ಎಂದು ಒದ್ದಾಡುತ್ತಿದ್ದನೇ ಹೊರತು ತಲೆ ಬಗ್ಗಿಸಿ ಒಳಗೆ ನೋಡಲಿಲ್ಲ.

ತಾತ ಬಂದರು. ಯಾರನ್ನೂ ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ, ಎಪ್ಪತ್ತು ದಾಟಿದ ಮೈಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಸುರಂಗಕ್ಕೆ ನುಗ್ಗಿದರು. ತುಂಬಾ ಹೊತ್ತಾದ ಮೇಲೆ ಹಿಂದಕ್ಕೆ ತೆವಳುತ್ತಾ ಹೊರಬಂದರು. ಎಡಗೈಯಲ್ಲಿ ಸತ್ತ ಎರಡು ಮರಿ. ಬಲಗೈಯನ್ನು ಆ ನಾಯಿ ಹೆದರಿಕೆಯಲ್ಲಿ ಕಚ್ಚಿ ಹಿಡಿದಿತ್ತು. ಹಾಗೆ ಕಚ್ಚಿಕೊಂಡಂತೆಯೇ ಅದನ್ನು ಎಳೆದು ತಂದಿದ್ದರು.

"ನಿನ್ನ ನಾಯಿ ಬದುಕೈತೆ. ತಗೊಂಡ್ ಹೋಗು," ಎಂದರು ಮೈದುನನಿಗೆ.

ನಾಯಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಓಮ್ನಿಯಲ್ಲಿ ಮುಳಬಾಗಿಲಿನ ಪಶು ಆಸ್ಪತ್ರೆಗೆ ಒಯ್ದರು. ಆ ಗಾಡಿಯಲ್ಲಿ ಜಾಗವಿತ್ತು. ತಾತನ ಕೈಯಿಂದ ರಕ್ತ ಸುರಿಯುತ್ತಿತ್ತು. ಹತ್ತು ತಾತಾ ಎಂದು ಯಾರೂ ಕರೆಯಲಿಲ್ಲ, ಹತ್ತಿಸಿಕೊಳ್ಳಿ ಎಂದು ನಾನೂ ಹೇಳಲಿಲ್ಲ.

ತಾತ ನನ್ನ ಮುಂದೆ ಹಾದುಹೋಗುವಾಗ ನಿಂತರು. "ನಾನ್ ಹೇಳಿದ್ದು ನಿನಗೆ ಕಣಮ್ಮಾ. ನಿಮ್ಮನೆಗಲ್ಲ."

ಮತ್ತೆ ಅವರು ಜಗಲಿಗೆ ಬರಲಿಲ್ಲ. ಆದರೆ ನಮ್ಮ ಗದ್ದೆಯ ಸರದಿಯ ನೀರನ್ನು ಒಂದು ಗಳಿಗೆಯೂ ಕಡಿಮೆ ಮಾಡಲಿಲ್ಲ. ಮಡಚಿದ ಬೆರಳಿನ ಕೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಗುದ್ದಲಿ ಹಿಡಿದು ನೀರು ತಿರುಗಿಸಲು ಮಡೆ ಕಟ್ಟುತ್ತಿದ್ದರು. ಅದಕ್ಕಿಂತ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನೆ ಮೈದುನ ದೊಡ್ಡ ಹಾರ ತಂದು ಹೆಣದ ಮೇಲೆ ಹಾಕಿದ. ಕುರುಡುಮಲೆಯಿಂದ ಬಂದಿದ್ದ ತಾತನ ಬೀಗರು ಬೆರಳು ನೋಡಿ ಏನಾಗಿತ್ತು ಎಂದು ಕೇಳಿದರು. ಮೈದುನ ನಿಟ್ಟುಸಿರು ಬಿಟ್ಟು ಹೇಳಿದ: "ಒಳ್ಳೇ ಮನುಷ್ಯ. ಕುಡಿತ ಒಂದಿತ್ತು ನೋಡಿ. ಅಮಲಲ್ಲಿ ನಮ್ ನಾಯಿ ಹತ್ರ ಹೋಗಿ..."

ನಾನು ಎದ್ದು ನಿಂತೆ.

"ಅವರು ಕುಡೀತಿದ್ದದ್ದು ನಾನ್ ಕೊಟ್ಟ ಕಾಫಿ. ಮರಿ ಇರೋ ತೂಬಿಗೆ ನಾಯಿ ಬಿಟ್ಟೋನು ನೀನು. ಜಾಗ ಹೇಳ್ಕೊಟ್ಟೋಳು ನಾನು. ನಿನ್ನ ನಾಯಿ ಉಳಿಸೋಕ್ ಹೋಗಿ ಆ ಕೈ ಹಂಗಾಯ್ತು."

"ಅತ್ತಿಗೆ, ಹೆಣದ ಮುಂದೆ ಇದೇನು?"

"ಹೆಣದ ಮುಂದೆ ಸುಳ್ಳು ಹೇಳಿದ್ದು ನೀನ್ ಕಣೋ."

ತಾತನ ಮಗಳು ಅಪ್ಪನ ಬೆರಳು ನೀವುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಈಗ ಹೇಳ್ತೀಯಾ ಅಕ್ಕಾ," ಎಂದಳು, ಅಷ್ಟೇ. ಅವಳು ಹಾರವನ್ನು ತೆಗೆದು ಮೈದುನನ ಕೈಗೆ ವಾಪಸು ಕೊಟ್ಟಳು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಒಲೆ ಹಚ್ಚಿದೆ. ಮುದ್ದೆ, ಹುರುಳಿ ಸಾರು. ಮೈದುನ ಊಟಕ್ಕೆ ಬರಲಿಲ್ಲ; ನಾನು ಕರೆಯಲೂ ಇಲ್ಲ. ನಮ್ಮ ಯಜಮಾನರು ತಟ್ಟೆಯಿಂದ ಮುಖ ಎತ್ತದೆ ಉಂಡರು. ನಾನು ಹೊಟ್ಟೆ ತುಂಬ ಉಂಡೆ. ಪಾತ್ರೆ ಹಾಗೇ ಬಿಟ್ಟು, ಈ ಮನೆಗೆ ಬಂದ ಮೇಲೆ ಮೊದಲ ಸಲ, ಎಲ್ಲರಿಗಿಂತ ಮುಂಚೆ ನಾನೇ ಮಲಗಿದೆ.