ಐದನೇ ಅಧ್ಯಾಯದಲ್ಲಿ ನಿಂತ ಬೇಸಿಗೆ

ನಮ್ಮ ಮನೆಯಲ್ಲಿ ಬೆಳಗಿನ ಚಾ ಬರುತ್ತಿದ್ದದ್ದು ಬೈಬಲ್ ಆದಮೇಲೆ. ಅಪ್ಪ ಒಂದು ಅಧ್ಯಾಯ ಓದಬೇಕು, ಎಲ್ಲರೂ ಕಣ್ಣು ಮುಚ್ಚಿ ಧ್ಯಾನ ಮಾಡಬೇಕು, ಆಮೇಲೆ ಅವ್ವ ಪಾತ್ರೆ ಇಳಿಸಬೇಕು. ನನ್ನ ಧ್ಯಾನವೆಲ್ಲ ಆ ಪಾತ್ರೆಯ ಮೇಲೇ ಇರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಹೊನ್ನಾಳಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಅದಕ್ಕೂ ಮುಂಚೆ ಜಗಳೂರಿನಲ್ಲಿದ್ದಾಗ ಕ್ರೈಸ್ತ ಮತಕ್ಕೆ ಸೇರಿದ್ದರು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೆ ಓದಿಗೂ ಒಂದು ಕಾನೂನು ಮಾಡಿದ್ದರು. ಓದಿದ್ದರಲ್ಲಿ ಮಾಡಬೇಕಾದ್ದು ಏನಾದರೂ ಇದ್ದರೆ, ಅದನ್ನು ಮಾಡದೆ ಮುಂದಿನ ಅಧ್ಯಾಯಕ್ಕೆ ಹೋಗುವಂತಿಲ್ಲ. ಕಾನೂನು ಮಾಡಿದ್ದು ನಮಗಾಗಿ. ನನ್ನ ತಮ್ಮ ಪಕ್ಕದ ಮನೆಯ ಕೋಳಿಗೆ ಕಲ್ಲು ಹೊಡೆದಾಗ, ಅವನು ಹೋಗಿ ತಪ್ಪಾಯಿತು ಅನ್ನುವವರೆಗೆ ಮನೆಮಂದಿಯೆಲ್ಲ ಅದೇ ಅಧ್ಯಾಯ ಕೇಳಿದ್ದೆವು.

ಹೀಗಿರುವಾಗ ಬೈಬಲಿನ ಮೊದಲ ಸುವಾರ್ತೆಯ ಐದನೇ ಅಧ್ಯಾಯ ಬಂತು. ದೇವರಿಗೆ ಕಾಣಿಕೆ ಕೊಡಲು ಹೋದಾಗ ನಿನ್ನ ಮೇಲೆ ಅಣ್ಣತಮ್ಮನಿಗೆ ಬೇಸರವಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಮಾತು ಅದರಲ್ಲಿದೆ. ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಊರು ದಾಟುವಂತೆ ಅಪ್ಪ ಅದನ್ನು ದಾಟಿಬಿಟ್ಟರು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಚನ್ನಗಿರಿ ಕಡೆಯ ತ್ಯಾವಣಿಗೆಯಲ್ಲಿದ್ದರು. ಹಳೆಯ ದೇವರನ್ನು ಬಿಟ್ಟವರಲ್ಲ. ಅವರ ಮನೆಯಲ್ಲಿ ಅಜ್ಜನ ತಿಥಿಯ ದಿನ, ಸತ್ತವರಿಗೆ ಎಡೆ ಇಟ್ಟ ಅಡುಗೆ ತನಗೆ ಬೇಡ ಅಂತ, ಬಡಿಸಿದ ಎಲೆ ಬಿಟ್ಟು ಅಪ್ಪ ಎದ್ದಿದ್ದರು. ನಮ್ಮ ಕಡೆ ಅದಕ್ಕಿಂತ ಕಪಾಳಕ್ಕೆ ಹೊಡೆದರೆ ವಾಸಿ. ಅವತ್ತಿನಿಂದ ಮಾತಿಲ್ಲ, ಹೋಗಿಬರುವುದಿಲ್ಲ. ನಡುವೆ ಸಿಕ್ಕಿಕೊಂಡವಳು ನಮ್ಮ ಮನೆಯಲ್ಲಿದ್ದ ಅಜ್ಜಿ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಪೂರ್ತಿ ಮುಚ್ಚುವ ಮುಂಚೆ ದೊಡ್ಡ ಮಗನ ಮುಖ ನೋಡಬೇಕು ಅನ್ನುವುದೊಂದೇ ಅವಳ ಆಸೆ.

ಮರುದಿನ ಅಪ್ಪ ಆರನೇ ಅಧ್ಯಾಯ ತೆರೆದರು. ಅವ್ವ ಒಲೆಯ ಕಡೆಯಿಂದಲೇ, "ನಿನ್ನೇದೇ ಆಗಿಲ್ಲಲ್ರೀ" ಅಂದಳು.

ಅಪ್ಪ ತಾವು ಮಾಡಿದ ಕಾನೂನಿನ ಕಡೆ ನೋಡಿದರು. ಕಾನೂನು ಅಲ್ಲೇ ಇತ್ತು. ಮತ್ತೆ ಐದನ್ನೇ ಓದಿದರು. ಉದ್ದದ ಅಧ್ಯಾಯ. ಬೇಸಿಗೆಯೆಲ್ಲ ಅದೇ ಆಯಿತು. ಚಾ ಕುದ್ದು ಕುದ್ದು ಕಷಾಯವಾಗುತ್ತಿತ್ತು. ಕೋಳಿಗೆ ಕಲ್ಲು ಹೊಡೆದ ನನ್ನ ತಮ್ಮನಂತೂ ಅಪ್ಪನನ್ನು ಬಹಳ ಕನಿಕರದಿಂದ ನೋಡುತ್ತಿದ್ದ.

ಒಂದು ದಿನ ಧ್ಯಾನದ ನಡುವೆ ಅಜ್ಜಿ ಅವ್ವನಿಗೆ, "ಹೋಗ್ಲಿ ಬಿಡವ್ವಾ, ಮುಂದಿಂದು ಓದ್ಲಿ. ನನ್ನ ಕಣ್ಣಂತೂ ಇನ್ನು ಕಾಣಾಕಿಲ್ಲ" ಅಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಸಮಾಧಾನವಾಗಿ ಅಂದಳು. ಅಪ್ಪ ಬೈಬಲ್ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, ಚಾ ಕೂಡ ಕುಡಿಯದೆ ಚನ್ನಗಿರಿಯ ಬಸ್ಸಿಗೆ ಹೋದರು.

ತ್ಯಾವಣಿಗೆಯಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರಂತೆ. ಅಪ್ಪ ಅಂಗಳದಲ್ಲೇ ನಿಂತು, "ಅಣ್ಣ, ಅವತ್ತು ಎಲೆ ಬಿಟ್ಟು ಎದ್ದಿದ್ದೆ. ಉಣ್ಣಾಕೆ ಬಂದೀನಿ" ಅಂದರಂತೆ. ದೊಡ್ಡಪ್ಪ ಒಳಗೆ ಹೋಗಿ ಎಲೆ ಹಾಕಿದರಂತೆ. ಅವತ್ತು ಮನೆಯಲ್ಲಿ ಯಾವ ದೇವರಿಗೆ ಎಡೆಯಾಗಿತ್ತೋ, ಅಪ್ಪ ಕೇಳಲಿಲ್ಲ. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಸಂಜೆ ಬಸ್ಸಿನಿಂದ ಇಬ್ಬರೂ ಇಳಿದರು. ಅಜ್ಜಿ ದೊಡ್ಡ ಮಗನ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಎಷ್ಟು ಕಂಡಿತೋ. ಕೊನೆಗೆ, "ಬಡವಾಗೀಯಲ್ಲೋ" ಅಂದಳು. ದೊಡ್ಡಪ್ಪ ಸಾಕಷ್ಟು ದಪ್ಪಗಿದ್ದರು.

ಬೆಳಗ್ಗೆ ಅಪ್ಪ ನಿರಾಳವಾಗಿ ಆರನೇ ಅಧ್ಯಾಯ ತೆರೆದರು. ಅಜ್ಜಿ ಕೈ ಅಡ್ಡ ತಂದಳು. "ಆ ಹಳೇದನ್ನೇ ಓದು. ಅವನೂ ಕೇಳ್ಲಿ."

ಅಪ್ಪ ಓದಿದರು. ಅಣ್ಣತಮ್ಮನ ಮಾತಿನ ಹತ್ತಿರ ಈ ಸಲ ಬಸ್ಸು ನಿಂತಿತು. ದೊಡ್ಡಪ್ಪ ತಲೆದೂಗುತ್ತ ಕೇಳಿ, "ಒಳ್ಳೇ ಮಾತು ಐತಲ್ಲೋ. ಇದನ್ನ ಮೊದ್ಲೇ ಓದಿರ್ಲಿಲ್ಲೇನು?" ಅಂದರು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ದಿನಾ ಓದ್ತಿದ್ದೆ, ಅಣ್ಣ" ಅಂದರು ಅಪ್ಪ. ಮುಂದೆ ಓದಲು ಅವರಿಂದ ಆಗಲಿಲ್ಲ.