ಮರೀಗೌಡರ ಹಾಟ್‌ಸ್ಪಾಟ್

ತಿ. ನರಸೀಪುರದ ಸಂಗಮದ ಮೆಟ್ಟಿಲ ಮೇಲೆ ಕೂತು, ಒಂದು ಮೇಲ್ ಕಳಿಸಲು ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಹುಡುಕಿದೆ. ಸಿಕ್ಕಿದ್ದು ಒಂದೇ ಹೆಸರು: ಮರೀಗೌಡ. ಪಕ್ಕದಲ್ಲಿ ಅಸ್ಥಿ ಬಿಡಲು ಬಂದಿದ್ದ ಹೆಂಗಸನ್ನು ಈ ಹಾಟ್‌ಸ್ಪಾಟ್ ಯಾರದೆಂದು ಕೇಳಿದೆ.

"ನಮ್ ಯಜಮಾನ್ರುದು ಸಾ. ಫೋನ್ ಬುಟ್ಟು ಇರ್ತಿರ್ನಿಲ್ಲ, ಬೂದಿ ಜೊತೆ ಮಡಕೇಲೇ ಮಡಗಿವ್ನಿ. ಆಫ್ ಮಾಡಕ್ಕೆ ನಮ್ಗೆ ಬರ್ನಿಲ್ಲ," ಎಂದರು.

ಆಕೆಯ ಮಗ ಮಡಕೆ ಹಿಡಿದು ತೆಪ್ಪ ಹತ್ತಿದ. ತೆಪ್ಪ ದೂರವಾದಂತೆ ಸಿಗ್ನಲ್ಲಿನ ಗೆರೆಗಳು ಒಂದೊಂದೇ ಅಳಿಸಿಹೋದವು. ನಡುನೀರಿನಲ್ಲಿ ಮಡಕೆ ಮುಳುಗಿತು, ಹೆಸರೂ ಹೋಯಿತು.

ಮಗ ಬರಿಗೈಯಲ್ಲಿ ಮರಳಿ, ನೀರಿಗೆ ಕೈಮುಗಿದ. ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಮತ್ತೆ ಮರೀಗೌಡ. ಈ ಸಲ ಗೆರೆಗಳೆಲ್ಲ ತುಂಬಿದ್ದವು.

"ನೆಟ್ ಸಿಕ್ತಾ ಸಾ?" ಆಕೆ ಬಾಗಿ ಕೇಳಿದರು.

ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, "ಇಲ್ಲಮ್ಮ" ಎಂದೆ.